ಸ್ತ್ರೀವಾದಕ್ಕೆ ಕಾನೂನು ಎಷ್ಟು ಬೇಕು, ಎಲ್ಲಿ ಕೈಕೊಡ್ತದ? ಧಾರವಾಡ, ಗದಗ, ಹಾವೇರಿ ಕಡೆಯವರ ಚರ್ಚೆ

ಶಾಲ್ಮಲಾ_ಓದುಗಿ

ಎಲ್ಲರಿಗೂ ನಮಸ್ಕಾರ್ರಿ. ಎಂ.ಎ. ಕಿರುಪ್ರಬಂಧಕ್ಕೆ ಸ್ತ್ರೀವಾದಿ ಚಿಂತನೆಯೊಳಗ ಕಾನೂನಿನ ಜಾಗ ಯಾವುದು ಅನ್ನೋ ವಿಷಯ ಹಿಡಿದೀನಿ. ಓದಿದಷ್ಟೂ ಒಬ್ಬರ ಮಾತಿಗೆ ಇನ್ನೊಬ್ಬರದು ಅಡ್ಡ ನಿಲ್ತದ. ಅಮೆರಿಕದ ಕಾನೂನು ಚಿಂತಕಿ ಕ್ಯಾಥರೀನ್ ಮೆಕಿನ್ನನ್ ಹೆಣ್ಣಿನ ಅನುಭವ ಇಟ್ಟುಕೊಂಡು ಕಾನೂನನ್ನೇ ತಿದ್ದಿ ಬರೀಬೇಕು ಅಂತಾರ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಕ್ಯಾರಲ್ ಸ್ಮಾರ್ಟ್ 1989ರಲ್ಲೇ, ಕಾನೂನಿಗೆ ಅಷ್ಟು ದೊಡ್ಡ ಪಟ್ಟ ಕಟ್ಟಬ್ಯಾಡ್ರಿ ಅಂದರು. ಗಾಯವನ್ನೇ ಗುರುತು ಮಾಡಿಕೊಂಡು ಸರ್ಕಾರದ ಮುಂದ ನಿಂತರೆ ಆ ಗಾಯ ಮಾಯೋದಿಲ್ಲ ಅನ್ನೋದು ಅಮೆರಿಕದ ರಾಜಕೀಯ ಚಿಂತಕಿ ವೆಂಡಿ ಬ್ರೌನ್ ವಾದ. ನಮ್ಮ ದೇಶದ ಅನುಭವದಿಂದ ನಿವೇದಿತಾ ಮೆನನ್ 2004ರ ಪುಸ್ತಕದಾಗ ಸ್ತ್ರೀವಾದಿ ರಾಜಕಾರಣ ಕಾನೂನನ್ನು ದಾಟಿ ನಡೀಬೇಕು ಅಂತ ಬರೆದರು.

ಈ ವಾದಗಳನ್ನ ನಮ್ಮ ಕೋರ್ಟು, ತಹಶೀಲ್ದಾರ ಕಚೇರಿ, ಠಾಣೆಯೊಳಗ ನಡೆಯೋದರ ಪಕ್ಕಕ್ಕಿಟ್ಟು ನೋಡಬೇಕಂತ ಆಸೆ. ಯಾವ ಕಲಂ, ಎಷ್ಟು ದಿನ, ಎಲ್ಲಿ ಕೆಡ್ತದ, ಯಾಕ ಕೆಡ್ತದ, ಗೊತ್ತಿದ್ದವರು ಬರೀರಿ.

ತತ್ತ್ವದ_ಮಾಸ್ತರ

ವಿಷಯ ಚಲೋ ಅದ. ಆದರೆ "ಕಾನೂನು ಬೇಕೋ ಬೇಡವೋ" ಅಂತ ಶುರು ಮಾಡಿದರೆ ಪ್ರಬಂಧ ಮೂರನೇ ಪುಟಕ್ಕೇ ನಿಂತುಬಿಡ್ತದ. ಬೇರೆ ಪ್ರಶ್ನೆ ಹಿಡೀರಿ: ಒಂದು ಪರಿಹಾರ ಕೇಳೋ ಹೆಣ್ಣು ಯಾವ ರೂಪದಾಗ ಕಾನೂನಿನ ಮುಂದ ನಿಲ್ಲಬೇಕಾಗ್ತದ? ಪ್ರಕರಣ ಶುರು ಮಾಡೋದು, ನಿಲ್ಲಿಸೋದು ಯಾರ ಕೈಯಾಗ ಇರ್ತದ? ಈ ಎರಡನ್ನ ಪ್ರತಿ ಕಲಮಿಗೂ ಕೇಳಿದರೆ ನೀವು ಹೇಳಿದ ನಾಲ್ವರೂ ಎಲ್ಲಿ ಸರಿ, ಎಲ್ಲಿ ಅರ್ಧ ಸರಿ ಅನ್ನೋದು ತಾನಾಗೇ ಕಾಣ್ತದ.

ಮಥುರಾ ಪ್ರಕರಣ ತಗೋರಿ. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗ 1972ರಲ್ಲಿ ಆದಿವಾಸಿ ಹುಡುಗಿ ಮ್ಯಾಲೆ ಅತ್ಯಾಚಾರ ಆತು. 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ಪೊಲೀಸರನ್ನ ಬಿಡುಗಡೆ ಮಾಡ್ತು. ಮೈಮ್ಯಾಲೆ ಗಾಯದ ಗುರುತಿಲ್ಲ, ಕೂಗಿಕೊಂಡಿಲ್ಲ, ಹಂಗಾದ್ರ ಒಪ್ಪಿಗೆ ಇತ್ತು ಅನ್ನೋ ತರ್ಕ. ಸ್ಮಾರ್ಟ್ ಹೇಳೋದು ಇದನ್ನೇ: ನಡೆದದ್ದು ಏನು ಅಂತ ಹೇಳೋ ಅಧಿಕಾರವನ್ನ ಕಾನೂನು ಆಕಿಯ ಬಾಯಿಂದ ಕಸಿದು ತನ್ನ ಭಾಷೆಯೊಳಗ ಇಟ್ಟುಕೊಳ್ತದ. ಆದರ ಕತಿ ಅಲ್ಲಿಗೆ ಮುಗೀಲಿಲ್ಲ. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದರು, ದೇಶದ ತುಂಬ ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಸಾಕ್ಷ್ಯ ಕಾಯ್ದೆಗೆ 114-ಎ ಸೇರಿತು. ಪೊಲೀಸ್ ವಶದಂಥ ಸಂದರ್ಭದಲ್ಲಿ ಸಂಭೋಗ ಸಾಬೀತಾಗಿ, "ನನ್ನ ಒಪ್ಪಿಗೆ ಇರಲಿಲ್ಲ" ಅಂತ ಆಕಿ ಸಾಕ್ಷಿ ನುಡಿದರೆ ಕೋರ್ಟು ಹಂಗೇ ಭಾವಿಸಬೇಕು. ಆಕಿಯ ಮಾತಿಗೆ ತೂಕ ಕೊಟ್ಟದ್ದೂ ಕಾನೂನೇ. ಇಲ್ಲಿ ಮೆಕಿನ್ನನ್ ವಾದಕ್ಕೆ ಬಲ ಬರ್ತದ.

ಮೆಕಿನ್ನನ್ ಅವರದೇ ಇನ್ನೊಂದು ಕೆಲಸ ನೋಡ್ರಿ, ಪ್ರಕರಣದ ಕೀಲಿ ಯಾರ ಕೈಯಾಗ ಅನ್ನೋದು ಎದ್ದು ಕಾಣ್ತದ. 1983ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಆಂಡ್ರಿಯಾ ಡ್ವರ್ಕಿನ್ ಜೊತಿ ಸೇರಿ ಅಶ್ಲೀಲಚಿತ್ರ ವಿರೋಧಿ ಕರಡು ಬರೆದರು. ಪೊಲೀಸರು ಜಪ್ತಿ ಮಾಡೋ ಕಾನೂನಲ್ಲ ಅದು. ಹಾನಿಗೊಳಗಾದ ಹೆಣ್ಣು ತಾನೇ ದಾವಾ ಹಾಕೋ ಸಿವಿಲ್ ಹಕ್ಕು. ಅಲ್ಲಿ ಮೇಯರ್ ತಡೆದರು. ಇಂಡಿಯಾನಾಪೊಲಿಸ್‌ನಲ್ಲಿ 1984ರಲ್ಲಿ ಪಾಸಾದದ್ದನ್ನ 1985ರಲ್ಲಿ ಮೇಲ್ಮನವಿ ಕೋರ್ಟು ರದ್ದು ಮಾಡ್ತು. ಕೆನಡಾದ ಸುಪ್ರೀಂ ಕೋರ್ಟ್ 1992ರಲ್ಲಿ ಅದೇ ಹಾನಿಯ ವಾದವನ್ನ ಒಪ್ಪಿಕೊಂಡಿತು, ಆದರ ಕ್ರಿಮಿನಲ್ ಕಾನೂನಿನೊಳಗ. ಗಡಿಯ ಕಸ್ಟಮ್ಸ್ ಅಧಿಕಾರಿಗಳು ವ್ಯಾಂಕೂವರಿನ ಸಲಿಂಗಿಗಳ ಪುಸ್ತಕದಂಗಡಿಗೆ ಬರೋ ಪುಸ್ತಕಗಳನ್ನ ತಡೀತಾನೇ ಇದ್ದರು. 2000ದಲ್ಲಿ ಅದೇ ಸುಪ್ರೀಂ ಕೋರ್ಟ್ ಕಸ್ಟಮ್ಸ್‌ನವರು ತಾರತಮ್ಯ ಮಾಡ್ಯಾರ ಅಂತ ಹೇಳಬೇಕಾತು. ವಾದ ಒಂದೇ, ಅಧಿಕಾರ ಹೋದ ಕೈ ಬ್ಯಾರೆ.

ಬೆಟಗೇರಿ_ವಕೀಲೆ

ಮಾಸ್ತರ ಹೇಳಿದ ಎರಡು ಪ್ರಶ್ನೆಗಳನ್ನೇ ಹಿಡಿದು ಮನೆಯೊಳಗಿನ ಹಿಂಸೆಯ ಎರಡು ಕಾನೂನುಗಳನ್ನು ನೋಡೋಣ.

ಮೊದಲನೆಯದು ಭಾರತೀಯ ದಂಡ ಸಂಹಿತೆಯ 498-ಎ, ಹೆಂಡತಿಯ ಮೇಲೆ ಗಂಡ ಮತ್ತು ಅವನ ಮನೆಯವರು ನಡೆಸುವ ಕ್ರೌರ್ಯಕ್ಕೆ ಶಿಕ್ಷೆ ಕೊಡುವ ಕಲಂ. 1983ರಲ್ಲಿ ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ. ಮೂರು ವರ್ಷದವರೆಗೆ ಶಿಕ್ಷೆ, ಜಾಮೀನು ಹಕ್ಕಾಗಿ ಸಿಗುವುದಿಲ್ಲ, ಕೆಳಗಿನ ಕೋರ್ಟಿನಲ್ಲಿ ರಾಜಿಗೂ ಬಾರದು. ಎಫ್‌ಐಆರ್ ಆದ ಕ್ಷಣದಿಂದ ಪ್ರಕರಣ ಸರ್ಕಾರದ್ದು, ಹೆಣ್ಣುಮಗಳು ಸಾಕ್ಷಿ ಮಾತ್ರ. ಆದರೆ ಠಾಣೆಗೆ ಬರುವ ಬಹುತೇಕರಿಗೆ ಬೇಕಾಗಿರುವುದು ಗಂಡ ಜೈಲಿಗೆ ಹೋಗುವುದಲ್ಲ. ತವರಿನಿಂದ ಕೊಟ್ಟ ಬಂಗಾರ, ಸಾಮಾನು ವಾಪಸ್ಸು ಬೇಕು, ಮಕ್ಕಳ ಖರ್ಚು ಬೇಕು, ಇರಲು ಜಾಗ ಬೇಕು, ಹೊಡೆತ ನಿಲ್ಲಬೇಕು. ಇವುಗಳಲ್ಲಿ ಒಂದನ್ನೂ 498-ಎ ನೇರವಾಗಿ ಕೊಡುವುದಿಲ್ಲ. ಹಾಗಾಗಿ ಅದು ಒತ್ತಡ ಹಾಕುವ ಸಾಧನವಾಗುತ್ತದೆ. ಮಾತುಕತೆ ಕುದುರಿದ ಮೇಲೆ ಇಬ್ಬರೂ ಸೇರಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಅರ್ಜಿ ಹಾಕಿ ಪ್ರಕರಣ ರದ್ದು ಮಾಡಿಸಿಕೊಳ್ಳುತ್ತಾರೆ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 482, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 528). ಅಥವಾ ವಿಚಾರಣೆಯಲ್ಲಿ ಆಕೆ ಪ್ರತಿಕೂಲ ಸಾಕ್ಷಿಯಾಗುತ್ತಾಳೆ (ಮೊದಲಿನ ಹೇಳಿಕೆಗೆ ವಿರುದ್ಧ ನುಡಿಯುತ್ತಾಳೆ). ಆಮೇಲೆ ಶಿಕ್ಷೆಯ ಪ್ರಮಾಣ ಕಡಿಮೆ ಎಂದು ತೋರಿಸಿ "ಎಲ್ಲಾ ಸುಳ್ಳು ಕೇಸು" ಎನ್ನುತ್ತಾರೆ. ರಾಜಿಯಾದದ್ದು ಸುಳ್ಳಾದದ್ದಲ್ಲ. ಬೇರೆ ದಾರಿ ತೆರೆದಿರದ ಕಡೆ ಹೀಗೇ ಆಗುತ್ತದೆ. ಈ ವ್ಯತ್ಯಾಸ ಪ್ರಬಂಧದಲ್ಲಿ ಸ್ಪಷ್ಟವಾಗಿ ಬರಲಿ.

ಕೋರ್ಟುಗಳ ನಡೆಯೂ ಇಲ್ಲಿ ನೇರವಾಗಿಲ್ಲ. ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಮೊದಲು ಹಾಜರಾತಿ ನೋಟೀಸು ಕೊಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಅದು ಎಲ್ಲ ಆರೋಪಿಗಳಿಗೂ ಅನ್ವಯಿಸುವ ಒಳ್ಳೆಯ ನಿಯಮ. ಆದರೆ 2017ರ ರಾಜೇಶ್ ಶರ್ಮಾ ತೀರ್ಪು ಪ್ರತಿ ದೂರನ್ನೂ ಕುಟುಂಬ ಕಲ್ಯಾಣ ಸಮಿತಿಗೆ ಕಳಿಸಬೇಕೆಂದಿತು. ಹೆಣ್ಣಿನ ದೂರನ್ನು ಮಾತ್ರ ಹೀಗೆ ಮೊದಲೇ ಜರಡಿ ಹಿಡಿಯುವ ಆ ಸೂಚನೆಯನ್ನು 2018ರ ಸೆಪ್ಟೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತು.

ಎರಡನೆಯದು 2005ರ ಕೌಟುಂಬಿಕ ಹಿಂಸೆ ಕಾಯ್ದೆ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26. ಕಲಂ 12ರ ಅರ್ಜಿ ಮ್ಯಾಜಿಸ್ಟ್ರೇಟರಿಗೆ. ಗದಗಿಗೆ ಮದುವೆಯಾಗಿ ಹೋಗಿ ಈಗ ಕುಂದಗೋಳದ ತವರಲ್ಲಿದ್ದರೆ ಕುಂದಗೋಳದಲ್ಲೇ ಹಾಕಬಹುದು, ತಾತ್ಕಾಲಿಕ ವಾಸವೂ ಸಾಕು (ಕಲಂ 27). ಸಂರಕ್ಷಣಾಧಿಕಾರಿಯ (ಈ ಕಾಯ್ದೆಯಡಿ ಆಕೆಗೆ ನೆರವಾಗಲು ನೇಮಿಸಿದ ಅಧಿಕಾರಿಯ) ವರದಿ ಬಂದ ಮೇಲೆಯೇ ಅರ್ಜಿ ಎಂದು ಕೆಲವು ಕಡೆ ಹಿಂದಕ್ಕೆ ಕಳಿಸುತ್ತಾರೆ, ಅದು ತಪ್ಪು. ಆಕೆ ನೇರವಾಗಿ ಹಾಕಬಹುದು. ಅರ್ಜಿಯ ಜೊತೆಗೇ ಕಲಂ 23ರ ಮಧ್ಯಂತರ ಅರ್ಜಿ ಮತ್ತು ನಮೂನೆ 3ರ ಪ್ರಮಾಣಪತ್ರ ಇರಲಿ. ಇದನ್ನು ಬಿಟ್ಟರೆ ತಿಂಗಳುಗಟ್ಟಲೆ ಏನೂ ಸಿಗುವುದಿಲ್ಲ. ರಕ್ಷಣೆ 18, ವಾಸ 19, ಹಣ 20, ಮಕ್ಕಳು 21, ಪರಿಹಾರ 22. ಯಾವುದು ಬೇಕೋ ಅದನ್ನು ಆಕೆ ಆರಿಸುತ್ತಾಳೆ, ಬೇಡವಾದರೆ ಅರ್ಜಿ ಹಿಂಪಡೆಯುತ್ತಾಳೆ. ಕೀಲಿ ಆಕೆಯ ಕೈಯಲ್ಲಿದೆ. ಅತ್ತೆಯ ಹೆಸರಲ್ಲಿರುವ ಮನೆಯಲ್ಲೂ ಸೊಸೆಗೆ ವಾಸದ ಹಕ್ಕು ಇರಬಹುದು ಎಂದು 2020ರ ಅಕ್ಟೋಬರ್ 15ರ ಸುಪ್ರೀಂ ಕೋರ್ಟ್ ತೀರ್ಪು ಆ ಹಕ್ಕಿಲ್ಲ ಎಂದಿದ್ದ ಹಳೆಯ ಬಾತ್ರಾ ತೀರ್ಪನ್ನು ತಳ್ಳಿಹಾಕಿದ ಮೇಲೆ ಈ ಕಾಯ್ದೆಗೆ ನಿಜವಾದ ಜೀವ ಬಂತು.

ಕೆಡುವುದು ಜಾರಿಯಲ್ಲಿ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಎಂದು ಕಲಂ 12ರಲ್ಲೇ ಇದೆ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಕೆಲಸ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಹೆಗಲಿಗೆ, ಅಂಗನವಾಡಿಗಳ ಜೊತೆಗೆ ಇದೂ ಒಂದು. ನೋಟೀಸು "ಮನೆಗೆ ಬೀಗ" ಎಂಬ ಷರಾದೊಂದಿಗೆ ವಾಪಸ್ಸು ಬರುತ್ತದೆ, ಮುಂದಿನ ದಿನಾಂಕ ಬೀಳುತ್ತದೆ. ಹಣದ ಆದೇಶವಾದರೂ ವಸೂಲಿಗೆ ಮತ್ತೊಂದು ಅರ್ಜಿ. ಗಂಡ ಸಂಬಳದಾರನಾದರೆ ಕಲಂ 20(6)ರಡಿ ಸಂಬಳ ಕೊಡುವವರೇ ನೇರವಾಗಿ ಆಕೆಯ ಖಾತೆಗೆ ಹಾಕುವಂತೆ ಆದೇಶ ಕೇಳಬೇಕು. ಬಹಳ ಅರ್ಜಿಗಳಲ್ಲಿ ಇದನ್ನು ಕೇಳಿರುವುದೇ ಇಲ್ಲ. ಒಕ್ಕಲುತನದವನಾದರೆ ಜೀವನಾಂಶದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2020ರ ರಜನೇಶ್ ತೀರ್ಪಿನ ಎರಡನೇ ನಮೂನೆಯ ಪ್ರಮಾಣಪತ್ರ ಕೇಳಿ: ಜಮೀನು ಎಷ್ಟು, ನೀರಾವರಿಯೋ ಖುಷ್ಕಿಯೋ, ಏನು ಬೆಳೆ, ದನಕರು ಎಷ್ಟು, ಎಲ್ಲ ಬರೆಯಬೇಕು. ಎದುರಿನವರು ಅದನ್ನು ಹೆಚ್ಚೆಂದರೆ ನಾಲ್ಕು ವಾರದಲ್ಲಿ ಕೊಡಬೇಕು. ನಾಗರಿಕ ಸುರಕ್ಷಾ ಸಂಹಿತೆಯ 144ರಡಿ (ಹಳೆಯ 125) ಜೀವನಾಂಶ ಪಡೆದವರು ಬಾಕಿ ಬಿದ್ದ ಒಂದು ವರ್ಷದೊಳಗೆ ವಾರಂಟ್ ಅರ್ಜಿ ಹಾಕದಿದ್ದರೆ ಆ ಬಾಕಿಗೆ ವಾರಂಟ್ ಹೊರಡುವುದಿಲ್ಲ. "ಇನ್ನೊಂದು ಪಂಚಾಯ್ತಿ ಮಾಡೋಣ" ಎಂದು ಕಾಲ ತಳ್ಳುವವರಿಗೆ ಈ ಒಂದು ವರ್ಷ ಚೆನ್ನಾಗಿ ಗೊತ್ತಿರುತ್ತದೆ.

ಬ್ಯಾಡಗಿ_ಕೆಂಪು

ಅಕ್ಕಾರ ಹೇಳಿದ್ದು ಮನಿ ಒಳಗಿಂದು. ಕೆಲಸದ ಜಾಗಾದ್ದು ನಾ ಹೇಳ್ತೀನ್ರಿ. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳನ್ನ ನೋಡ್ರಿ. ಹಂಗಾಮಿನ ಕೆಲಸ, ಮೇಸ್ತ್ರಿ ಕರಕೊಂಡು ಬರ್ತಾನ, ದಿನಗೂಲಿ ಇಲ್ಲಾ ತೂಕದ ಲೆಕ್ಕ, ಹಾಜರಿ ಪುಸ್ತಕದಾಗ ಹೆಸರಿರೋದು ಕಡಿಮಿ.

ಕೆಲಸದ ಜಾಗಾದಾಗ ಲೈಂಗಿಕ ಕಿರುಕುಳ ತಡಿಯೋ 2013ರ ಕಾಯ್ದೆ ಪ್ರಕಾರ 10 ಮಂದಿ ಇದ್ದಲ್ಲಿ ಆಂತರಿಕ ಸಮಿತಿ ಬೇಕು. ಅದಕ್ಕಿಂತ ಕಡಿಮಿ ಇದ್ರ, ಇಲ್ಲಾ ಮಾಲಕನ ಮ್ಯಾಲೇ ದೂರಿದ್ರ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಕಾನೂನಿನ ವ್ಯಾಖ್ಯೆ ಭಾಳ ಚಲೋ ಐತಿ: ದಿನಗೂಲಿ, ಗುತ್ತಿಗಿ, ಮಾಲಕಗ ಗೊತ್ತಿಲ್ಲದ ಮೇಸ್ತ್ರಿ ಕರಕೊಂಡು ಬಂದಾಕಿ, ಎಲ್ಲಾರೂ ನೌಕರರೇ. ಹಂಗಾರ ಎಲ್ಲಿ ಕೆಡ್ತೈತಿ? ದೂರು 3 ತಿಂಗಳೊಳಗ ಕೊಡಬೇಕು, ಕಾರಣ ಬರದು ಇನ್ನ 3 ತಿಂಗಳು ಹೆಚ್ಚಿಗಿ ಕೊಡಬಹುದು. ತನಿಖಿಗೆ 90 ದಿನ. ಅಷ್ಟೊತ್ತಿಗೆ ಹಂಗಾಮು ಮುಗದು, ಸಾಕ್ಷಿ ಹೇಳೋ ಜೋಡಿಯವರು ಊರು ಸೇರಿರ್ತಾರ. ದೂರಿನ ಪ್ರತಿ ಆರು ಬೇಕು, ಸಾಕ್ಷಿದಾರರ ಹೆಸರು ವಿಳಾಸ ಬೇಕು ಅಂತ ನಿಯಮದಾಗೈತಿ. ಬರೀಲಿಕ್ಕೆ ಬರದಿದ್ರ ಸಮಿತಿಯವರೇ ಬರಕೊಡಬೇಕು (ಕಲಂ 9), ಇದನ್ನ ಹೇಳಿ ಕೇಳಬೇಕ್ರಿ. ತನಿಖಿ ನಡೆಯೋವಾಗ 3 ತಿಂಗಳತನಕ ರಜಾ ಕೊಡಿಸಬಹುದಂತ ಕಲಂ 12 ಹೇಳ್ತೈತಿ. ಹಾಜರಿ ಪುಸ್ತಕದಾಗ ಹೆಸರೇ ಇಲ್ಲದ ಕೂಲಿಯಾಕಿಗೆ ರಜಾ ಅಂದ್ರ ಏನ್ರಿ? ಕೂಲಿ ಹೋತು ಅಂತನೇ ಅರ್ಥ.

ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕು, ದೂರು ತಗೊಂಡು 7 ದಿನದಾಗ ಜಿಲ್ಲಾ ಸಮಿತಿಗೆ ಕಳಿಸಬೇಕು. ಆ ಅಧಿಕಾರಿ ಹೆಸರು, ಫೋನ್ ನಂಬರು ಎಪಿಎಂಸಿ ಗೇಟಿನ್ಯಾಗ, ಹೆಣ್ಮಕ್ಕಳ ಶೌಚಾಲಯದ ಹತ್ರ ಬರಸೋದು ಮೊದಲ ಕೆಲಸ. ಹಾವೇರಿ ತನಕ ಹೋಗಿ ಬರೋದಂದ್ರ ಒಂದು ದಿನದ ಕೂಲಿ ಕಳಕೊಂಡಂಗ.

ಇನ್ನೊಂದು ಮಾತು ಮಾಸ್ತರಿಗೆ. ಇದೇ ಕಾಯ್ದೆಯ ಕಲಂ 11 ಓದ್ರಿ. ಆಫೀಸಿನ ಹೆಣ್ಮಗಳಿಗೆ ಸಮಿತಿ ತನಿಖಿ ಮಾಡಿ ವರ್ಗಾವಣಿ, ಪರಿಹಾರ, ಕ್ಷಮಾಪಣಿ ಎಲ್ಲಾ ಕೊಡಿಸಬಹುದು. ಮನಿಗೆಲಸದಾಕಿ ದೂರು ಕೊಟ್ರ, ಮೇಲ್ನೋಟಕ್ಕ ಪ್ರಕರಣ ಐತಿ ಅನಿಸಿದ್ರ, ಸಮಿತಿ 7 ದಿನದಾಗ ಪೊಲೀಸರಿಗೆ ಕಳಿಸಬೇಕು. ಕಾಯ್ದೆ ಒಂದೇ. ಓದಿದಾಕಿಗೆ ಆಯ್ಕೆ ಐತಿ, ಬಾಂಡೆ ತಿಕ್ಕಾಕಿಗೆ ಠಾಣೆ ಒಂದೇ ದಾರಿ. ಠಾಣೆ ಅಂದಕೂಡಲೇ ಹತ್ತರಾಗ ಎಂಟು ಮಂದಿ "ಬ್ಯಾಡ್ರಿ ಯಕ್ಕಾ" ಅಂತಾರ. ಯಾರಿಗೆ ಕೀಲಿ ಕೊಡಬೇಕು ಅನ್ನೋದನ್ನ ಕಾನೂನು ವರ್ಗ ನೋಡಿ ಹಂಚೈತಿ.

ಹಾನಗಲ್_ಹೊಲಮನಿ

ಹಿಂಸೆಯ ಕಾನೂನಿನ ಬಗ್ಗೆಯೇ ಎಲ್ಲರೂ ಬರೆಯುತ್ತಾರೆ. ಆಸ್ತಿಯಲ್ಲಿ ಈ ಇಬ್ಬಂದಿತನ ಇನ್ನೂ ಆಳವಾಗಿದೆ, ಅದಕ್ಕೆ ಲೆಕ್ಕವನ್ನೇ ಮುಂದಿಡುತ್ತೇನೆ.

8 ಎಕರೆ ಪಿತ್ರಾರ್ಜಿತ ಹೊಲ, ಅಂದರೆ 320 ಗುಂಟೆ. ಅಪ್ಪ ತೀರಿದ್ದಾನೆ, ಅವ್ವ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಹಳೆಯ ಕಾನೂನಿನಲ್ಲಿ ಮೊದಲು ಅಪ್ಪ, ಅವ್ವ, ಮಗ ಎಂದು ಮೂರು ಪಾಲು ಮಾಡಿ, ಅಪ್ಪನ ಮೂರನೇ ಒಂದು ಭಾಗವನ್ನು ನಾಲ್ವರಿಗೆ ಹಂಚುತ್ತಿದ್ದರು. ಮಗಳಿಗೆ ಬರುತ್ತಿದ್ದದ್ದು ಹನ್ನೆರಡನೇ ಒಂದು, 26 ಗುಂಟೆ ಚಿಲ್ಲರೆ. ಈಗ ಮಗಳೂ ಹುಟ್ಟಿನಿಂದ ಸಹದಾಯಾದಿ, ಅಂದರೆ ಮಗನಷ್ಟೇ ಪಾಲುದಾರಳು. ಐದು ಪಾಲು, ಅಪ್ಪನ ಪಾಲು ಮತ್ತೆ ನಾಲ್ವರಿಗೆ, ಕೊನೆಗೆ ಪ್ರತಿಯೊಬ್ಬರಿಗೂ ನಾಲ್ಕನೇ ಒಂದು. ಮಗಳಿಗೆ 80 ಗುಂಟೆ, ಎರಡು ಎಕರೆ ಪೂರ್ತಿ. ಇದು ಕಾನೂನು ತಂದ ಬದಲಾವಣೆ, ಸಣ್ಣದಲ್ಲ.

ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು, ಆದರೆ ಅದು ಜಾರಿಯಾಗುವ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಲ್ಲಿ ಆ ಷರತ್ತಿಲ್ಲ. ಅಪ್ಪ ಆ ದಿನ ಬದುಕಿರಬೇಕಿತ್ತೇ ಎಂಬ ಜಗಳವನ್ನು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಮುಗಿಸಿತು: ಬೇಕಿಲ್ಲ. ಈ ಜಗಳದ ಮೊದಲೆರಡು ಮುಖ್ಯ ತೀರ್ಪುಗಳು, 2015ರ ಫೂಲಾವತಿ ಮತ್ತು 2018ರ ದಾನಮ್ಮ, ಎರಡೂ ಕರ್ನಾಟಕದಿಂದ ಹೋದ ಪ್ರಕರಣಗಳು. "94ಕ್ಕಿಂತ ಮೊದಲು ಮದುವಿ ಆದಾಕಿಗೆ ಹಕ್ಕಿಲ್ಲ" ಎಂದು ಇಂದಿಗೂ ಹೇಳುವವರಿದ್ದಾರೆ, ಕೇಳಿ ಸುಮ್ಮನಾಗಬೇಡಿ.

ಎಲ್ಲಿ ತಪ್ಪುತ್ತದೆ? ಮೊದಲನೆಯದು ವಾಟ್ನಿ ವರ್ದಿ, ಅಂದರೆ ಆಸ್ತಿ ಪಾಲಾಗಿದೆ ಎಂದು ಕಂದಾಯ ಕಚೇರಿಗೆ ಕೊಡುವ ತಿಳಿವಳಿಕೆ. ಅಣ್ಣತಮ್ಮಂದಿರು ಬಾಯಿಮಾತಿನ ವಾಟ್ನಿ ಆಗಿದೆ ಎಂದು ವರ್ದಿ ಕೊಟ್ಟು ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಹಚ್ಚಿಸಿಕೊಂಡಿರುತ್ತಾರೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಾಟ್ನಿಗೆ ಮಾತ್ರ ಪೂರ್ತಿ ರಕ್ಷಣೆ. ಬಾಯಿಮಾತಿನದನ್ನು ಗಟ್ಟಿ ಸರ್ಕಾರಿ ದಾಖಲೆಗಳಿದ್ದಾಗ ಅಪರೂಪಕ್ಕೆ ಮಾತ್ರ ಒಪ್ಪಬೇಕು ಎಂದಿದೆ ವಿನೀತಾ ಶರ್ಮಾ ತೀರ್ಪು. ಉತಾರದ ಹೆಸರು ಮಾಲ್ಕಿ ಅಲ್ಲ. ಎರಡನೆಯದು 1974ರ ಭೂಸುಧಾರಣೆಯ ಜಮೀನು: ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ದೊಡ್ಡಣ್ಣನ ಹೆಸರಲ್ಲಿ ಹೋಗಿರುತ್ತದೆ, ಅದು ಕುಟುಂಬದ ಪರವಾಗಿಯೋ ಅವನ ಸ್ವಂತಕ್ಕೋ ಎಂದು ಸಾಬೀತು ಮಾಡಬೇಕಾಗುತ್ತದೆ. ಹಳೆಯ ಗೇಣಿ ಕಾಲಂ ಇರುವ ಉತಾರಗಳನ್ನು ಮೊದಲೇ ತೆಗೆಸಿಡಿ. ಮೂರನೆಯದು ಅಪ್ಪನ ಸ್ವಯಾರ್ಜಿತ: ಮೃತ್ಯುಪತ್ರ ಬರೆದು ಮಗನಿಗೇ ಕೊಟ್ಟರೆ 2005ರ ತಿದ್ದುಪಡಿ ಏನೂ ಮಾಡದು.

ದಾವಾ ಹಾಕುವಾಗ ಜಂಟಿ ಸ್ವಾಧೀನದಲ್ಲಿದ್ದೇನೆ ಎಂಬ ಮಾತು ವಾದಪತ್ರದಲ್ಲಿ ಬೇಕು. ಆಗ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯ 35(2)ರಡಿ ನಿಗದಿತ ಶುಲ್ಕ, ಹೆಚ್ಚೆಂದರೆ 200 ರೂಪಾಯಿ. "ನನ್ನನ್ನು ಹೊರಗೆ ಹಾಕಿದ್ದಾರೆ" ಎಂದು ಬರೆದರೆ 35(1), ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಎಂಬ ತೀರ್ಮಾನ) ಬಂದರೆ ಹೊಲ ಬಂತು ಎಂದುಕೊಂಡು ನಿಲ್ಲುವವರು ಬಹಳ. ಅಂತಿಮ ಡಿಕ್ರಿಯಾಗಿ, ಕಂದಾಯ ಇಲಾಖೆಯಿಂದ ಅಳತೆಯಾಗಿ ಹದ್ದುಬಸ್ತು (ಗಡಿ ಗುರುತು) ಆಗುವವರೆಗೆ ಕೈಗೆ ಬರುವುದು ಕಾಗದ ಮಾತ್ರ. ಪ್ರಾಥಮಿಕ ಡಿಕ್ರಿಯಾದ ಮೇಲೆ ಕೋರ್ಟು ತಾನೇ ಮುಂದುವರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ್ದನ್ನು ಮುಂದಿಟ್ಟು ಕೇಳಿ.

ಶಾಲ್ಮಲಾ_ಓದುಗಿ

ಹೊಲಮನಿ ಸರ, ಇಷ್ಟೆಲ್ಲ ಹಕ್ಕಿದ್ದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಡ್ತಾರಲ್ಲ, ಅದನ್ನ ಒಪ್ಪಿಗೆ ಅಂತ ಕರೀಬೇಕೇನ್ರಿ? ಮಾಸ್ತರ, ಬ್ರೌನ್ ವಾದ ಇಲ್ಲಿ ಹೆಂಗ ಕೂಡ್ತದ?

ಹಾನಗಲ್_ಹೊಲಮನಿ

ಕೋರ್ಟಿನ ಕಣ್ಣಿಗೆ ಒಪ್ಪಿಗೆಯೇ. ನೋಂದಾಯಿತ ಪತ್ರ, ಎರಡು ಸಾಕ್ಷಿ, ಉಪನೋಂದಣಾಧಿಕಾರಿ ಮುಂದೆ ಫೋಟೋ, ಹೆಬ್ಬೆಟ್ಟು. ಮೋಸ ಅಥವಾ ಒತ್ತಾಯ ಆಗಿದೆ ಎಂದರೆ ಗೊತ್ತಾದ ಮೂರು ವರ್ಷದೊಳಗೆ ರದ್ದತಿಗೆ ದಾವಾ ಹಾಕಬೇಕು, ಯಾರು ಏನು ಹೇಳಿ ಸಹಿ ಹಾಕಿಸಿದರು ಎಂಬ ವಿವರ ವಾದಪತ್ರದಲ್ಲೇ ಇರಬೇಕು. "ಬೆಳೆಸಾಲಕ್ಕೆ ಸಹಿ ಬೇಕು" ಎಂದು ಕರೆದೊಯ್ದದ್ದನ್ನು ಸಾಬೀತು ಮಾಡಬಹುದು. "ಪಾಲು ಕೇಳಿದರೆ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ" ಎಂಬ ಹೆದರಿಕೆಯನ್ನು ಯಾವ ಕಲಮಿನಡಿ ಸಾಬೀತು ಮಾಡುವುದು? ಗಂಡ ಹೊರಗೆ ಹಾಕಿದರೆ ಆಕೆಗೆ ಉಳಿದಿರುವ ಜಾಗ ತವರು ಒಂದೇ. ಎರಡು ಎಕರೆ ಬಿಟ್ಟುಕೊಟ್ಟು ಆ ಜಾಗ ಉಳಿಸಿಕೊಳ್ಳುವುದು ಲೆಕ್ಕ ಬರದವರ ಕೆಲಸವಲ್ಲ.

ತತ್ತ್ವದ_ಮಾಸ್ತರ

ಈ ಮಾತನ್ನ ಪ್ರಬಂಧದ ನಡುವಿನ ಅಧ್ಯಾಯ ಮಾಡ್ರಿ. ಬ್ರೌನ್ 2000ದ ಲೇಖನದಾಗ ಹಕ್ಕುಗಳ ವಿರೋಧಾಭಾಸ ಅಂತ ಕರೆಯೋದು ಇದರ ಹತ್ರ ಬರ್ತದ. ಹೆಣ್ಣು ಅಂತ ಬರೆದು ಹಕ್ಕು ಕೊಟ್ಟರೆ ಆ ಹಣೆಪಟ್ಟಿಯೊಳಗೇ ಆಕಿ ಸಿಕ್ಕೊಳ್ತಾಳ. ಹೆಣ್ಣು ಅಂತ ಬರೀದೆ ಎಲ್ಲರಿಗೂ ಸಮ ಅಂತ ಕೊಟ್ಟರೆ, ಸಮ ಇಲ್ಲದ ನೆಲ ಕಾಣದಂಗಾಗ್ತದ. 498-ಎ ಮೊದಲನೇ ಬಗೆಯದು: ಪೀಡಿತ ಹೆಂಡತಿ ಅನ್ನೋ ರೂಪ ತೊಟ್ಟರೇ ಬಾಗಿಲು ತೆರೀತದ. 2005ರ ಉತ್ತರಾಧಿಕಾರ ತಿದ್ದುಪಡಿ ಎರಡನೇ ಬಗೆಯದು: ಮಗ ಮಗಳು ಸಮ ಅಂತದ, ಆದರ ಹುಟ್ಟಿದ ಊರಾಗೇ ಉಳಿಯೋ ಮಗ ಮತ್ತ ಬ್ಯಾರೆ ಊರಿಗೆ ಹೋಗೋ ಮಗಳು ಒಂದೇ ಉತಾರದ ಮುಂದ ಸಮ ನಿಲ್ಲೋದಿಲ್ಲ. ಕ್ಯಾರಲ್ ಪೇಟ್‌ಮನ್ 1988ರಲ್ಲಿ ಬರೆದದ್ದನ್ನೂ ಓದ್ರಿ. ಒಪ್ಪಂದದ ಹಿಂದ ಇನ್ನೊಂದು ಒಪ್ಪಂದ ಅಡಗಿರ್ತದ, ಅದಕ್ಕ ಹೆಣ್ಣು ಪಕ್ಷಕಾರಳೇ ಅಲ್ಲ ಅನ್ನೋದು ಅವರ ವಾದ. ಬಿಡುಗಡೆ ಪತ್ರದ ಎರಡು ಸಾಕ್ಷಿ ಸಹಿ ಆ ಒಳಗಿನ ಒಪ್ಪಂದಕ್ಕ ಸಾಕ್ಷಿ ಆಗೋದಿಲ್ಲ.

ಆದರ ಬ್ರೌನ್ ಅವರನ್ನ ಓದಿ ಹಕ್ಕೇ ಬ್ಯಾಡ ಅನ್ನೋ ಕಡೆ ಜಾರಬ್ಯಾಡ್ರಿ. ಅವರೂ ಆ ಲೇಖನವನ್ನ ಗಾಯತ್ರಿ ಸ್ಪಿವಾಕ್ ಮಾತಿನಿಂದ, ಬೇಡ ಅನ್ನಲಿಕ್ಕೆ ಆಗದೇ ಇರೋದು ಅನ್ನೋ ಮಾತಿನಿಂದಲೇ ಶುರು ಮಾಡ್ತಾರ. ಪೆಟ್ರೀಶಿಯಾ ವಿಲಿಯಮ್ಸ್ 1991ರಲ್ಲಿ ಕೊಟ್ಟ ಉತ್ತರ ನನಗ ಇನ್ನೂ ಗಟ್ಟಿ ಅನಸ್ತದ: ಹಕ್ಕು ಪೊಳ್ಳು ಅಂತ ಹೇಳೋದು ಹಕ್ಕು ಮೊದಲಿಂದ ಇದ್ದವರಿಗೆ ಸಲೀಸು. ವಸ್ತುವಿನಂಗ ಮಾರಾಟ ಆದವರ ಮೊಮ್ಮಕ್ಕಳಿಗೆ ಹಕ್ಕುದಾರ ಅನ್ನೋ ಹೆಸರೇ ಮನುಷ್ಯತ್ವದ ಗುರುತು. 26 ಗುಂಟೆ 80 ಆದದ್ದು ಪೊಳ್ಳಲ್ಲ.

ಹಳೇಹುಬ್ಬಳ್ಳಿ_ಓಣಿ

ಮಾಸ್ತರ, ಒಂದು ತಕರಾರು ಐತ್ರಿ. ಕಾನೂನನ್ನು ನಡುವಿನಿಂದ ಸರಿಸಬೇಕು ಅನ್ನೋ ಸ್ಮಾರ್ಟ್, ಮೆನನ್ ವಾದ ಓದುವಾಗ ಆ ಜಾಗ ಖಾಲಿ ಉಳಿಯುತ್ತದೆ ಎನ್ನುವಂತೆ ಮಾತಾಡುತ್ತಾರೆ. ಖಾಲಿ ಉಳಿಯುವುದಿಲ್ಲ. ಓಣಿಯ ಹಿರಿಯರು ಬಂದು ಕೂರುತ್ತಾರೆ. 100 ರೂಪಾಯಿ ಛಾಪಾ ಕಾಗದದ ಮೇಲೆ "ಹಿರಿಯರ ಸಮಕ್ಷಮ ಒಪ್ಪಿ ಬರೆದುಕೊಟ್ಟ ಪತ್ರ" ತಯಾರಾಗುತ್ತದೆ: ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ಅವನು, ಜೀವನಾಂಶ ಕೇಳುವುದಿಲ್ಲ ಎಂದು ಆಕೆ. ಮೊದಲನೆಯದನ್ನು ಜಾರಿ ಮಾಡುವವರಿಲ್ಲ. ಎರಡನೆಯದಕ್ಕೆ ಕಾನೂನಿನ ಬಲವಿಲ್ಲ, ಜೀವನಾಂಶದ ಶಾಸನಬದ್ಧ ಹಕ್ಕನ್ನು ಹೀಗೆ ಬರೆದು ಕಳೆದುಕೊಳ್ಳಲಾಗದು. ಆದರೂ ಆ ಕಾಗದ ತೋರಿಸಿ ಎಷ್ಟೋ ಜನರನ್ನು ಕೋರ್ಟಿನ ಮೆಟ್ಟಿಲು ಹತ್ತದಂತೆ ತಡೆಯುತ್ತಾರೆ. ಪಂಚಾಯ್ತಿಯಲ್ಲಿ ಕೂತ ಹಿರಿಯರು ಒಂದಿಷ್ಟಾದರೂ ಹೆದರುವುದು ಠಾಣೆಗೆ, 85ನೇ ಕಲಮಿಗೆ. ಕ್ರಿಮಿನಲ್ ಕಾನೂನನ್ನು ಬಳಸದೇ ಇಟ್ಟುಕೊಂಡರೂ ಅದು ಇರಬೇಕು.

ಬೆಟಗೇರಿ_ವಕೀಲೆ

ಒಪ್ಪುತ್ತೇನೆ, ಅದಕ್ಕೇ 2005ರ ಕಾಯ್ದೆಯಲ್ಲಿ ಕ್ರಿಮಿನಲ್ ಹಲ್ಲನ್ನು ಹಿಂದೆ ಇಟ್ಟಿದ್ದಾರೆ. ರಕ್ಷಣಾ ಆದೇಶ ಮುರಿದರೆ ಮಾತ್ರ ಕಲಂ 31: ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ಆಕೆಯ ಆಯ್ಕೆ, ಅದನ್ನು ಮುರಿದಾಗ ಪೊಲೀಸು. ಹಣದ ಬಾಕಿಗೂ 31 ಬಳಸಬಹುದೇ ಎಂಬುದರಲ್ಲಿ ಹೈಕೋರ್ಟುಗಳ ನಡುವೆ ಭಿನ್ನಮತ ಇದೆ, ಅದನ್ನು ನೆಚ್ಚಿ ಕೂರಬೇಡಿ.

ಕೀಲಿ ಪೂರ್ತಿ ಸರ್ಕಾರದ ಕೈಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಧಾರವಾಡ ಪೀಠದ 2022ರ ನವೆಂಬರ್ 4ರ ತೀರ್ಪು ಓದಿ. 17 ವರ್ಷದ ಹುಡುಗಿ ಪ್ರೀತಿಸಿದವನ ಜೊತೆ ಹೋದ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ) ಪ್ರಕರಣ. ವಿಚಾರಣಾ ಕೋರ್ಟು ಬಿಡುಗಡೆ ಮಾಡಿತ್ತು, ಅಷ್ಟರಲ್ಲಿ ಇಬ್ಬರೂ ಮದುವೆಯಾಗಿ ಮಕ್ಕಳಾಗಿದ್ದವು, ಸರ್ಕಾರ ಆದರೂ ಮೇಲ್ಮನವಿ ಹಾಕಿತ್ತು. ಪೀಠ ಅದನ್ನು ವಜಾ ಮಾಡಿ, 16 ದಾಟಿದವರ ಒಪ್ಪಿಗೆಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಚಿಂತಿಸಲಿ ಎಂದಿತು, ಒಂಬತ್ತನೇ ತರಗತಿಯಿಂದ ಮಕ್ಕಳಿಗೆ ಈ ಕಾನೂನು ತಿಳಿಸಿ ಎಂದೂ ಹೇಳಿತು. 2023ರಲ್ಲಿ ಆಯೋಗ ತನ್ನ 283ನೇ ವರದಿಯಲ್ಲಿ 18 ಹಾಗೇ ಇರಲಿ, 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆ ಇಳಿಸುವ ವಿವೇಚನೆ ನ್ಯಾಯಾಧೀಶರಿಗೆ ಸಿಗಲಿ ಎಂದಿತು. 2019ರ ತಿದ್ದುಪಡಿಯ ನಂತರ ಪೋಕ್ಸೊ ಕಲಂ 4ರಲ್ಲಿ ಕನಿಷ್ಠವೇ 10 ವರ್ಷ, ಇಳಿಸುವ ದಾರಿಯಿಲ್ಲ.

ಕಲಂ 19ರ ಕಡ್ಡಾಯ ವರದಿಯ ಪೆಟ್ಟು ನೇರವಾಗಿ ಹುಡುಗಿಗೆ ಬೀಳುತ್ತದೆ. ಬಸಿರಾದ 17ರ ಹುಡುಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಬೇಕು. ಪ್ರಕರಣ ಬೇಡ ಎಂದು ಮನೆಯವರು ಆಸ್ಪತ್ರೆಯನ್ನೇ ಬಿಟ್ಟು ನಾಟಿ ದಾರಿ ಹಿಡಿದರೆ ಪ್ರಾಣಕ್ಕೇ ಬರುತ್ತದೆ. 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪು ಹುಡುಗಿ ಮತ್ತು ಪಾಲಕರು ಕೇಳಿಕೊಂಡರೆ ವೈದ್ಯರು ವರದಿಯಲ್ಲಿ ಆಕೆಯ ಗುರುತು ಕೊಡಬೇಕಿಲ್ಲ ಎಂದಿದೆ. ತಾಲ್ಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ಇರಬೇಕಾದ ಮಾತು ಇದು.

ಬ್ಯಾಡಗಿ_ಕೆಂಪು

ಜಾತಿ ಮಾತು ಯಾರೂ ಎತ್ತಲಿಲ್ಲ. ಅಮೆರಿಕದ ಕಾನೂನು ಚಿಂತಕಿ ಕಿಂಬರ್ಲೆ ಕ್ರೆನ್ಶಾ 1989ರಾಗ ಬರದದ್ದು ನಮಗೂ ತಾಗ್ತೈತಿ. ಜನರಲ್ ಮೋಟರ್ಸ್ ಮ್ಯಾಲೆ ಕಪ್ಪು ಹೆಣ್ಮಕ್ಕಳು ಹಾಕಿದ ಕೇಸಿನ್ಯಾಗ 1976ರ ಕೋರ್ಟು, ಹೆಣ್ಣು ಅಂತ ಬರ್ರಿ ಇಲ್ಲಾ ಕಪ್ಪು ಅಂತ ಬರ್ರಿ, ಎರಡೂ ಕೂಡಿಸಿ ಬರಬ್ಯಾಡ್ರಿ ಅಂತ ಹೇಳಿತ್ತು. ನಮ್ಮ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 27ಕ್ಕ ಕಣ್ಣು ಕಾಣದ ದಲಿತ ಹೆಣ್ಮಗಳ ಪ್ರಕರಣದಾಗ ಜಾತಿ, ಲಿಂಗ, ಅಂಗವೈಕಲ್ಯ ಒಟ್ಟಿಗೆ ಕೂಡಿ ಬರೋದನ್ನ ಚಂದಾಗಿ ಬರೀತು. ಅತ್ಯಾಚಾರದ ಶಿಕ್ಷೆ ಉಳೀತು. ಆದ್ರ ಜಾತಿ ಕಾರಣಕ್ಕೇ ಮಾಡ್ಯಾನ ಅನ್ನೋ ಸಾಕ್ಷಿ ಇಲ್ಲಂತ ಪರಿಶಿಷ್ಟ ಜಾತಿ, ಪಂಗಡದವರ ಮ್ಯಾಲಿನ ದೌರ್ಜನ್ಯ ತಡಿಯೋ ಕಾಯ್ದೆ ಶಿಕ್ಷೆ ತಗದ್ರು. ಅದು ಹಳೇ ಕಲಂ. 2016ರ ಜನವರಿ 26ರಿಂದ, ಆಕಿ ಜಾತಿ ಯಾವುದಂತ ಅವಗ ಗೊತ್ತಿದ್ರ ಸಾಕು. ಒಂದೇ ಊರಿನವರಾದ್ರ ಗೊತ್ತಿರ್ತೈತಿ, ಅದನ್ನ ಹೇಳಿಕಿಯೊಳಗ ಬರಸಬೇಕು. ಮೊದಲ ದಿನದ ಎಫ್‌ಐಆರ್‌ನಾಗೇ ಆ ಕಲಂ ಹಾಕಸ್ರಿ, ಡಿವೈಎಸ್ಪಿ ದರ್ಜೆಯವರೇ ತನಿಖಿ ಮಾಡಬೇಕು, ಸಾಮಾನ್ಯವಾಗಿ 60 ದಿನದಾಗ ದೋಷಾರೋಪ ಪಟ್ಟಿ.

ಇನ್ನ ದೇವದಾಸಿ ಪದ್ಧತಿ ತಡಿಯಾಕ ತಂದಿದ್ದ 1982ರ ಕರ್ನಾಟಕ ಕಾಯ್ದೆ. ಅದರಾಗ ಮುತ್ತು ಕಟ್ಟಿಸಿದವರಿಗೆ, ಅಂದ್ರ ದೇವದಾಸಿ ಮಾಡಿದವರಿಗೆ, 3 ವರ್ಷದತನಕ ಶಿಕ್ಷಾ ಇತ್ತು. ಅದೇ ತಂದಿ ತಾಯಿ, ಸಂಬಂಧಿಕರಾದ್ರ ಕಮ್ಮಿ ಅಂದ್ರ 2, ಹೆಚ್ಚಂದ್ರ 5 ವರ್ಷ ಇತ್ತು. ತಾಯಿನೂ ಅದೇ ಪದ್ಧತಿಗೆ ಬಲಿಯಾದಾಕಿ ಆಗಿರ್ತಾಳ. ಕಟ್ಟಿದ ಪೂಜಾರಿಗಿಂತ ಆಕಿಗೆ ಹೆಚ್ಚಿನ ಶಿಕ್ಷಾ ಬರದಾಗ ದೂರು ಕೊಡಾಕ ಮುಂದ ಬರೋ ಮಗಳು ಯಾರು? ಮೆನನ್ ಮಾತು ಇಲ್ಲಿ ನೂರಕ್ಕ ನೂರು ಖರೆ.

ಶಾಲ್ಮಲಾ_ಓದುಗಿ

ಎಲ್ಲರಿಗೂ ಶರಣು. ಪ್ರಶ್ನೆ ಹಿಂಗ ಬದಲು ಮಾಡ್ತೀನಿ: ಪ್ರತಿ ಪರಿಹಾರಕ್ಕೂ ಆಕಿ ತೊಡಬೇಕಾದ ರೂಪ, ಕೀಲಿ ಇರೋ ಕೈ. 2005ರ ಕಾಯ್ದೆ, 2013ರ ಕಾಯ್ದೆ, ವಾಟ್ನಿ ದಾವಾ, ಈ ಮೂರಕ್ಕೇ ನಿಲ್ಲಸ್ತೀನಿ. ಕೋರ್ಟಿನ ದಾಖಲೆ ನೋಡಬೇಕಂದ್ರ ಎಲ್ಲಿಂದ ಶುರು ಮಾಡಲಿ ಅಕ್ಕಾರ?

ಬೆಟಗೇರಿ_ವಕೀಲೆ

ತಂಗಿ, ತೀರ್ಪು ಓದುವ ಮೊದಲು ಆರ್ಡರ್ ಶೀಟ್ (ಪ್ರತಿ ದಿನಾಂಕದಂದು ಕೋರ್ಟಿನಲ್ಲಿ ಏನಾಯಿತು ಎಂಬ ದಾಖಲೆ) ಓದಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಕೋರ್ಟು, ಪ್ರಕರಣದ ಬಗೆ ಆರಿಸಿದರೆ ದಿನಾಂಕಗಳು ಸಿಗುತ್ತವೆ. ಒಂದು ಕೋರ್ಟು, ಒಂದು ವರ್ಷ ಆರಿಸಿ. 2005ರ ಕಾಯ್ದೆಯ ಪ್ರತಿ ಕಲಂ 12 ಅರ್ಜಿಗೆ ಐದು ದಿನಾಂಕ ಬರೆಯಿರಿ: ಅರ್ಜಿ, ಮೊದಲ ವಿಚಾರಣೆ, ನೋಟೀಸು ಜಾರಿ, ಮಧ್ಯಂತರ ಆದೇಶ, ಮುಕ್ತಾಯ. ಮುಕ್ತಾಯದ ಪಕ್ಕದಲ್ಲಿ ಹೇಗೆ ಎಂದೂ ಬರೆಯಿರಿ: ಆದೇಶ, ರಾಜಿ, ಹಿಂಪಡೆದದ್ದು, ಗೈರುಹಾಜರಿಯಿಂದ ವಜಾ. ಈ ನಾಲ್ಕನೆಯದರ ಮೇಲೆ ಹೆಚ್ಚು ಗಮನ ಇರಲಿ. ಬಸ್ ಖರ್ಚಿಗೆ ಇಲ್ಲದೆ ಬರದವಳೂ, ಮನೆಗೆ ವಾಪಸ್ಸು ಹೋದವಳೂ ದಾಖಲೆಯಲ್ಲಿ ಒಂದೇ ಥರ ಕಾಣುತ್ತಾರೆ. ವಸೂಲಿ ಅರ್ಜಿಗಳಿಗೆ ಬೇರೆ ನಂಬರು ಬೀಳುತ್ತದೆ, ಅವನ್ನು ಹುಡುಕಿ ಮೂಲ ಅರ್ಜಿಗೆ ಜೋಡಿಸದಿದ್ದರೆ ಹಣ ಕೈಗೆ ಬಂತೋ ಇಲ್ಲವೋ ತಿಳಿಯುವುದೇ ಇಲ್ಲ.

ಪಕ್ಷಕಾರರ ಹೆಸರು, ಊರು, ಪ್ರಕರಣ ಸಂಖ್ಯೆ ಪ್ರಬಂಧದಲ್ಲಿ ಬೇಡ. ಲೈಂಗಿಕ ದೌರ್ಜನ್ಯದ ಪ್ರಕರಣ ಅಕಸ್ಮಾತ್ ಕೈಗೆ ಬಂದರೆ ಗುರುತು ಹೊರಗೆಡಹುವುದು ನ್ಯಾಯ ಸಂಹಿತೆಯ 72ರಡಿ, ಮಕ್ಕಳದಾದರೆ ಪೋಕ್ಸೊ 23ರಡಿ ಅಪರಾಧ. ನಿಮ್ಮ ಟಿಪ್ಪಣಿ ವಹಿಯಲ್ಲೂ ಅ, ಆ, ಇ ಎಂದೇ ಬರೆದುಕೊಳ್ಳಿ.